ಮುಗಿದ ಹಾಡಿಗೆ ಮತ್ತೆ ಕೈಯಿಟ್ಟರೆ

ಒಂದು ಕೃತಿ ಮುಗಿಯುವುದು ಯಾವಾಗ? ಕವಿ ಲೇಖನಿಯನ್ನು ಕೆಳಗಿಟ್ಟಾಗಲೆ, ಅಚ್ಚಿನ ಮನೆಯಿಂದ ಪುಸ್ತಕ ಹೊರಬಿದ್ದಾಗಲೆ, ಇಲ್ಲವೆ ಓದುಗರ ಮನಸ್ಸಿನಲ್ಲಿ ಅದು ಬೇರೂರಿದಾಗಲೆ? ಓಲೆಗರಿಗಳೊಡನೆ ಹೆಣಗುವ ಗ್ರಂಥಸಂಪಾದಕರಿಗೆ ಇದು ಹಳೆಯ ತಲೆನೋವು. ಸಂಗೀತಗಾರರಿಗೆ ಬಹುಕಾಲ ಈ ತೊಂದರೆ ಇರಲಿಲ್ಲ. ಅವರ ಹಾಡು ಪ್ರತಿಯೊಂದು ಕಛೇರಿಯಲ್ಲಿಯೂ ಹೊಸದಾಗಿ ಹುಟ್ಟಿ ಅಲ್ಲಿಯೇ ಮುಗಿಯುತ್ತಿತ್ತು. ಗ್ರಾಮಫೋನ್ ತಟ್ಟೆ ಬಂದು ಹಾಡಿಗೂ ಗ್ರಂಥದ ಸ್ಥಿರತೆಯನ್ನು ತಂದುಕೊಟ್ಟಿತು. ಸ್ಥಿರತೆಯ ಹಿಂದೆಯೇ ಗ್ರಂಥಕ್ಕೆ ಅಂಟಿದ ಜಾಡ್ಯಗಳೂ ಬಂದವು: ಪಾಠಾಂತರ, ಪರಿಷ್ಕರಣ, ಪ್ರಕ್ಷೇಪ, ಅನುಬಂಧ. ಕಾಂಪ್ಯಾಕ್ಟ್ ಡಿಸ್ಕಿನ ಕಾಲದಿಂದ ಈಚೆಗೆ ಪಾಶ್ಚಾತ್ಯ ಕಂಪೆನಿಗಳು ಹಳೆಯ ಆಲ್ಬಂಗಳನ್ನೆಲ್ಲ ‘ಹೆಚ್ಚಿನ ಹಾಡುಗಳೊಂದಿಗೆ’ ಮರಳಿ ಮಾರುವ ಪದ್ಧತಿಯನ್ನು ಹಿಡಿದಿವೆ. ಬಹುಮಟ್ಟಿಗೆ ಇದು ವ್ಯಾಪಾರ. ಹಳೆಯ ಮದ್ಯಕ್ಕೆ ಹೊಸ ಸೀಸೆ ಎಂದು ತಳ್ಳಿಹಾಕಿದರೆ ಯಾರಿಗೂ ನಷ್ಟವಿಲ್ಲ. ಆದರೆ ಒಮ್ಮೊಮ್ಮೆ ಹಾಗೆ ತಳ್ಳಿಹಾಕಲು ಆಗದ ಪ್ರಸಂಗಗಳು ಬರುತ್ತವೆ. ಜಾರ್ಜ್ ಹ್ಯಾರಿಸನ್ನನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಅಂಥದೊಂದು.

ಬೀಟಲ್ಸ್ ತಂಡ ಒಡೆದ ವರ್ಷವೇ, 1970ರ ನವೆಂಬರಿನಲ್ಲಿ, ಈ ಆಲ್ಬಂ ಮೂರು ತಟ್ಟೆಗಳಾಗಿ ಒಂದು ಪೆಟ್ಟಿಗೆಯಲ್ಲಿ ಹೊರಬಿದ್ದಿತು. 2001ರ ಜನವರಿಯಲ್ಲಿ ಐದು ಹೆಚ್ಚಿನ ಹಾಡುಗಳೊಡನೆ ಮತ್ತೆ ಬಂದಿತು. 2021ರ ಆಗಸ್ಟಿನಲ್ಲಿ ಐವತ್ತು ವರ್ಷದ ನೆನಪಿಗೆಂದು ಮೂರನೆಯ ಸಲ ಬಂದಾಗ ಮೂಲದ 23 ತುಣುಕುಗಳ ಜೊತೆಗೆ 47 ಕರಡುಗಳೂ ಯತ್ನಗಳೂ ಸೇರಿ ಒಟ್ಟು 70 ಆಗಿತ್ತು. 2001ರ ಆವೃತ್ತಿಯನ್ನು ಕರ್ತೃವೇ ಕೈಯಾರೆ ಸಿದ್ಧಪಡಿಸಿದ. ಹತ್ತು ತಿಂಗಳ ಮೇಲೆ, ನವೆಂಬರ್ 29ರಂದು, ತೀರಿಕೊಂಡ. 2021ರದನ್ನು ಅವನ ಮಗ ಧನಿ ಹ್ಯಾರಿಸನ್ ನಿಂತು ಮಾಡಿಸಿದ. ಒಂದೇ ಕೃತಿಗೆ ಇಬ್ಬರು ಸಂಪಾದಕರು: ಒಬ್ಬ ಬರೆದವನು, ಇನ್ನೊಬ್ಬ ವಾರಸುದಾರ. ಇಬ್ಬರಲ್ಲಿ ಯಾರು ಕೃತಿಗೆ ಹೆಚ್ಚು ನ್ಯಾಯ ಮಾಡಿದರು ಎಂದು ಕೇಳಿದರೆ ‘ಬರೆದವನೇ’ ಎಂಬ ಉತ್ತರ ತಾನಾಗಿ ಬಾಯಿಗೆ ಬರುತ್ತದೆ. ಎರಡನ್ನೂ ಕೇಳಿದಮೇಲೆ ಆ ಉತ್ತರ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಹಿನ್ನೆಲೆ ತಿಳಿಯದವರಿಗಾಗಿ ಎರಡು ಮಾತು. ಬೀಟಲ್ಸ್ ತಂಡದಲ್ಲಿ ಹಾಡು ಕಟ್ಟುವ ಪಟ್ಟ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿಯರದು. ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯನಾದ ಹ್ಯಾರಿಸನ್ನನಿಗೆ ಒಂದು ಆಲ್ಬಂಗೆ ಒಂದೋ ಎರಡೋ ಹಾಡಿನ ಅವಕಾಶ. ಅವನು ಕಟ್ಟುತ್ತಲೇ ಹೋದ. ಹಾಡುಗಳು ಕಣಜದಲ್ಲಿ ಉಳಿಯುತ್ತಲೇ ಹೋದವು. ಈ ಆಲ್ಬಂನಲ್ಲಿರುವ ‘ಇಸಂಟ್ ಇಟ್ ಎ ಪಿಟಿ’ಯೂ ‘ಆರ್ಟ್ ಆಫ್ ಡೈಯಿಂಗ್’ ಕೂಡ 1966ರಲ್ಲಿ ಮೊಳೆತವು. ಆಲ್ಬಂಗೆ ಹೆಸರು ಕೊಟ್ಟ ಹಾಡನ್ನು 1969ರ ಜನವರಿಯಲ್ಲಿ ಟ್ವಿಕನ್‌ಹ್ಯಾಮಿನ ಚಿತ್ರಶಾಲೆಯಲ್ಲಿ ಅವನು ಗೆಳೆಯರ ಮುಂದಿಟ್ಟ. ಅವರು ಅರೆಮನಸ್ಸಿನಿಂದ ನಾಲ್ಕಾರು ಸಲ ನುಡಿಸಿ ಬಿಟ್ಟುಬಿಟ್ಟರು. ಪೀಟರ್ ಜ್ಯಾಕ್ಸನ್ 2021ರಲ್ಲಿ ಹೊರತಂದ ‘ಗೆಟ್ ಬ್ಯಾಕ್’ ಚಿತ್ರವನ್ನು ನೋಡಿದವರಿಗೆ ಆ ದೃಶ್ಯಗಳ ಇರಿಸುಮುರಿಸು ಗೊತ್ತು. ಅದೇ ತಿಂಗಳ 10ರಂದು ಹ್ಯಾರಿಸನ್ ತಂಡವನ್ನು ಬಿಟ್ಟು ಎದ್ದುಹೋದ. ಮನೆಗೆ ಹೋಗಿ ‘ವಾ-ವಾ’ ಎಂಬ ಹಾಡನ್ನು ಕಟ್ಟಿದ. ಕೆಲವು ದಿನಗಳ ಮೇಲೆ ಮರಳಿ ಬಂದನೆನ್ನಿ. ಆದರೆ ಹಾಡು ಉಳಿಯಿತು, ಸಿಟ್ಟೂ ಉಳಿಯಿತು.

ಇದು ಅವನ ಮೊದಲ ಸ್ವಂತ ಆಲ್ಬಂ ಎಂದು ಬರೆಯುವವರಿದ್ದಾರೆ; ಸರಿಯಲ್ಲ. 1968ರಲ್ಲಿ ಒಂದು ಚಲನಚಿತ್ರಕ್ಕೆಂದು ಮಾಡಿದ ‘ವಂಡರ್‌ವಾಲ್ ಮ್ಯೂಸಿಕ್’ (ಅದರ ಒಂದು ಭಾಗ ಮುದ್ರಿತವಾದದ್ದು ಮುಂಬಯಿಯಲ್ಲಿ), 1969ರ ‘ಎಲೆಕ್ಟ್ರಾನಿಕ್ ಸೌಂಡ್’ ಇದಕ್ಕೆ ಮುಂಚಿನವು. ಆದರೆ ಅವು ವಾದ್ಯದ ಪ್ರಯೋಗಗಳು. ಮನುಷ್ಯ ಬಾಯಿಬಿಟ್ಟು ತನ್ನ ಮಾತನ್ನು ಹಾಡಿದ್ದು ಇಲ್ಲಿಯೇ ಮೊದಲು.

ಹಾಡಿದ್ದಾದರೂ ಹೇಗೆ! ಆಲ್ಬಂ ಆರಂಭವಾಗುವುದು ಬಾಬ್ ಡಿಲನ್ನನ ಜೊತೆಗೂಡಿ ಕಟ್ಟಿದ ಒಂದು ಮೆಲುದನಿಯ ಹಾಡಿನಿಂದ. ಬಾಗಿಲು ತಟ್ಟಿ, ಒಳಗೆ ಬರಲೇ ಎಂದು ಸಂಕೋಚದಿಂದ ಕೇಳುವವನ ದನಿ ಅದು. ಐದಾರು ಹಾಡು ಕಳೆಯುವುದರೊಳಗೆ ಆ ಸಂಕೋಚದ ಮನುಷ್ಯನ ಬೆನ್ನಿಗೆ ಒಂದು ಜಾತ್ರೆಯೇ ಬಂದು ನಿಂತಿರುತ್ತದೆ: ಎರಿಕ್ ಕ್ಲ್ಯಾಪ್ಟನ್ನನ ಗಿಟಾರು, ಬಿಲ್ಲಿ ಪ್ರೆಸ್ಟನ್ನನ ಆರ್ಗನ್ನು, ರಿಂಗೋ ಸ್ಟಾರ್ ಮತ್ತು ಜಿಮ್ ಗಾರ್ಡನ್ನರ ಡ್ರಮ್ಮುಗಳು, ಕ್ಲೌಸ್ ಫೂರ್ಮಾನನ ಬೇಸ್ ಗಿಟಾರು, ಬಾಬಿ ಕೀಸ್ ಮತ್ತು ಜಿಮ್ ಪ್ರೈಸರ ತುತ್ತೂರಿಗಳು, ಬ್ಯಾಡ್‌ಫಿಂಗರ್ ತಂಡದ ಹುಡುಗರ ತಂತಿಗಳು, ಇದೆಲ್ಲದರ ಮೇಲೆ ಜಾನ್ ಬರಾಮ್ ಬರೆದುಕೊಟ್ಟ ಪಿಟೀಲು ಮೇಳ. ಈ ಜಾತ್ರೆಯನ್ನು ನೆರೆಸಿದವನು ಹ್ಯಾರಿಸನ್ನನೊಡನೆ ಸಹನಿರ್ಮಾಪಕನಾಗಿದ್ದ ಫಿಲ್ ಸ್ಪೆಕ್ಟರ್. ಹಲವು ಗಿಟಾರು, ಹಲವು ಪಿಯಾನೊಗಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿ, ಒಟ್ಟಿಗೆ ನುಡಿಸಿ, ಅದಕ್ಕೆ ಮಾರ್ದನಿಯನ್ನು ಕೂಡಿಸಿ, ಯಾವ ವಾದ್ಯ ಯಾವುದೆಂದು ಬೇರ್ಪಡಿಸಲಾಗದಂತೆ ನಾದವನ್ನು ಒಂದು ಗೋಡೆಯಾಗಿ ಎಬ್ಬಿಸುವುದು ಅವನ ವಿದ್ಯೆ. ಮನುಷ್ಯ ವಿಕ್ಷಿಪ್ತ, ಮುದ್ರಣದ ಬಹುಭಾಗ ಅವನು ಸ್ಥಳದಲ್ಲಿಯೇ ಇರಲಿಲ್ಲ. 1970ರ ಆಗಸ್ಟಿನಲ್ಲಿ ಒಂದು ದೀರ್ಘವಾದ ಪತ್ರದ ಮೂಲಕ, ಈ ಹಾಡಿಗೆ ಇದು ಬೇಕು ಆ ಹಾಡಿಗೆ ಅದು ಸಾಲದು ಎಂದು ದೂರದಿಂದಲೇ ಸಲಹೆ ಕೊಟ್ಟ. ಆದರೂ ಗೋಡೆ ಎದ್ದಿತು.

ಈ ಗೋಡೆಯ ಕುರಿತು ವಾದ ಅಂದಿನಿಂದ ನಡೆದೇ ಇದೆ. ಧ್ವನಿ ಎಂಬ ನಮ್ಮ ಮಾತಿಗೆ ಎರಡು ಅರ್ಥವಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಿವಿಗೆ ಬೀಳುವ ಶಬ್ದವೂ ಧ್ವನಿ, ಆ ಶಬ್ದ ಹೇಳದೆ ಸೂಚಿಸುವ ಭಾವವೂ ಧ್ವನಿ. ಸ್ಪೆಕ್ಟರನ ಗದ್ದಲದಲ್ಲಿ ಮೊದಲನೆಯ ಧ್ವನಿ ಎರಡನೆಯದನ್ನು ನುಂಗಿತು ಎಂದು ಆಕ್ಷೇಪಿಸುವವರ ಮಾತು. ಕೆಲವು ಹಾಡುಗಳ ಮಟ್ಟಿಗೆ ಇದು ನಿಜ. ‘ಲೆಟ್ ಇಟ್ ಡೌನ್’ ಹಾಡಿನಲ್ಲಿ ತುತ್ತೂರಿಗಳು ಮೈಮೇಲೆ ಬೀಳುತ್ತವೆ. ‘ಇಸಂಟ್ ಇಟ್ ಎ ಪಿಟಿ’ಯ ವಿಷಯ ಬೇರೆ. ಒಬ್ಬರನ್ನೊಬ್ಬರು ನೋಯಿಸಿಕೊಳ್ಳುವ ಮನುಷ್ಯರ ಬಗೆಗಿನ ಆ ಹಾಡು ಒಂದು ಪಿಯಾನೊ, ಒಂದು ಗಿಟಾರಿನಿಂದ ಆರಂಭವಾಗಿ, ಏಳು ನಿಮಿಷ ಬೆಳೆಬೆಳೆಯುತ್ತ ಹೋಗಿ, ಕೊನೆಗೆ ಹಾಡುಗಾರನ ದನಿ ಮೇಳದಲ್ಲಿ ಕರಗಿಹೋಗುತ್ತದೆ. ಅಲ್ಲಿ ಆ ಮುಳುಗುವಿಕೆಯೇ ಹಾಡಿನ ಅರ್ಥ. ಒಬ್ಬನ ದುಃಖ ಎಲ್ಲರ ದುಃಖವಾಗಬೇಕಾದರೆ ಒಬ್ಬನ ಕಂಠ ಕಾಣೆಯಾಗಲೇಬೇಕು. ಗೋಡೆ ಬೇಡವೆನ್ನುವವರು ಈ ಹಾಡಿಗೆ ಏನು ಹೇಳುತ್ತಾರೋ!

ವಿನೋದವೆಂದರೆ, ಇದೇ ಹಾಡಿನ ಇನ್ನೊಂದು ಪಾಠವನ್ನು, ಇನ್ನಷ್ಟು ನಿಧಾನವಾಗಿ, ಕಡಿಮೆ ವಾದ್ಯಗಳೊಡನೆ ಹಾಡಿ, ಹ್ಯಾರಿಸನ್ ಅದೇ ಆಲ್ಬಂನ ನಾಲ್ಕನೆಯ ಪಕ್ಕದಲ್ಲಿ ಸೇರಿಸಿದ್ದಾನೆ. ಕರ್ತೃವೇ ಪಾಠಾಂತರವನ್ನು ಅಡಿಟಿಪ್ಪಣಿಯಿಂದೆತ್ತಿ ಪಠ್ಯದೊಳಗೆ ಕೂಡಿಸಿದ ಅಪರೂಪದ ಉದಾಹರಣೆ ಇದು. ಮೂರನೆಯ ತಟ್ಟೆಯಂತೂ ಪೂರ್ತಿ ಗೆಳೆಯರು ಕೂಡಿ ಮನಬಂದಂತೆ ನುಡಿಸಿದ ವಾದ್ಯವಿನೋದ, ಜೊತೆಗೆ ಲೆನನ್ನನ ಮೂವತ್ತನೆಯ ಹುಟ್ಟುಹಬ್ಬಕ್ಕೆಂದು ಮಾಡಿದ ಒಂದು ನಿಮಿಷಕ್ಕಿಂತ ಕಡಿಮೆಯ ತಮಾಷೆಯ ಹಾಡು. ‘ಹೆಚ್ಚಿನ ಹಾಡು’ ಎಂಬ ಕಲ್ಪನೆ ವ್ಯಾಪಾರಿಗಳು ಕಂಡುಹಿಡಿಯುವ ಮೊದಲೇ ಈ ಪೆಟ್ಟಿಗೆಯಲ್ಲಿತ್ತು ಎನ್ನಬೇಕು. ಆ ಮೂರನೆಯ ತಟ್ಟೆಯನ್ನು ಎರಡನೆಯ ಸಲ ಕೇಳಿದವರು ಎಷ್ಟು ಮಂದಿಯೋ ತಿಳಿಯದು. ನಾನು ಕರ್ತವ್ಯಬುದ್ಧಿಯಿಂದ ಕೇಳಿದ್ದೇನೆ.

ಈಗ 2001ರ ಆವೃತ್ತಿಗೆ ಬರೋಣ. ಹಳೆಯ ಮುಖಚಿತ್ರದಲ್ಲಿ ಹೆನ್ಲಿಯ ಬಳಿಯ ತನ್ನ ಫ್ರಯರ್ ಪಾರ್ಕ್ ಬಂಗಲೆಯ ಹುಲ್ಲುಹಾಸಿನ ಮೇಲೆ, ನಾಲ್ಕು ಕುಳ್ಳ ಬೊಂಬೆಗಳ ನಡುವೆ, ಉದ್ದ ಬೂಟು ತೊಟ್ಟು ಹ್ಯಾರಿಸನ್ ಕುಳಿತಿದ್ದಾನೆ. ಕಪ್ಪುಬಿಳುಪಿನ ಆ ಚಿತ್ರಕ್ಕೆ 2001ರಲ್ಲಿ ಬಣ್ಣ ಹಚ್ಚಿ, ಒಳಪುಟಗಳಲ್ಲಿ ಅದೇ ಹುಲ್ಲುಹಾಸಿನ ಸುತ್ತ ಮೇಲುಸೇತುವೆಗಳೂ ಎತ್ತರದ ಕಟ್ಟಡಗಳೂ ಒಂದೊಂದಾಗಿ ಎದ್ದು ತೋಟವನ್ನು ನುಂಗುವಂತೆ ಚಿತ್ರಿಸಿದರು. ಕಳೆದ ಮೂವತ್ತು ವರ್ಷಗಳಲ್ಲಿ ಏನು ಸಾಗಿಹೋಯಿತು ಎಂಬುದನ್ನು ಒಂದು ಮಾತೂ ಇಲ್ಲದೆ ಹೇಳಿದ ಈ ವಿನೋದ ನನಗೆ ಆ ಆವೃತ್ತಿಯ ಐದು ಹಾಡುಗಳಲ್ಲಿ ಮೂರಕ್ಕಿಂತ ಹೆಚ್ಚು ಹಿಡಿಸಿತು.

ಅದರ ಮುನ್ನುಡಿಯಲ್ಲಿ ಹ್ಯಾರಿಸನ್ ತನ್ನ ಮನಸ್ಸನ್ನು ಬಿಚ್ಚಿಟ್ಟಿದ್ದಾನೆ: ಆ ಕಾಲಕ್ಕೆ ಸರಿ ಎನಿಸಿದ್ದ ಮಾರ್ದನಿಯಿಂದ ಕೆಲವು ಹಾಡುಗಳನ್ನು ಬಿಡಿಸಿಬಿಡಬೇಕೆಂಬ ಆಸೆ ತನಗಿದೆ ಎಂದು. ಆಸೆಯಿದ್ದರೂ ಅವನು ಮೂಲದ ಮಿಶ್ರಣವನ್ನು ಮುಟ್ಟಲಿಲ್ಲ. ಅದನ್ನು ಶುಚಿಗೊಳಿಸಿ ಇದ್ದಂತೆಯೇ ಕೊಟ್ಟ. ಇದು ಸಂಯಮ. ಮೆಚ್ಚತಕ್ಕದ್ದು. ಆದರೆ ಆಸೆ ಎಲ್ಲಿಯೋ ಒಂದು ಕಡೆ ದಾರಿ ಮಾಡಿಕೊಳ್ಳಬೇಕಲ್ಲ! ಅದು ಹೆಚ್ಚಿನ ಹಾಡುಗಳಲ್ಲಿ ತಲೆಯೆತ್ತಿತು.

ಮೊದಲನೆಯದು ‘ಐ ಲಿವ್ ಫಾರ್ ಯೂ’. 1970ರಲ್ಲಿ ಹಾಡಿ ಬದಿಗಿಟ್ಟದ್ದು. ಪೀಟ್ ಡ್ರೇಕನ ಪೆಡಲ್ ಸ್ಟೀಲ್ ಗಿಟಾರು ಅದರ ಜೀವ. ಸಂಜೆಯ ಹೊತ್ತು ಹೊಲದ ಬದುವಿನ ಮೇಲೆ ನಿಂತು ಯಾರನ್ನೋ ಕರೆದಂತೆ ಆ ವಾದ್ಯ ಎಳೆಯುತ್ತದೆ. ಇದನ್ನು ಕೇಳಿಸಿದ್ದಕ್ಕೆ ಕೃತಜ್ಞತೆ ಸಲ್ಲಬೇಕು. ‘ವಾಟ್ ಇಸ್ ಲೈಫ್’ ಹಾಡಿನ ಮೇಳಭಾಗ, ಕಂಠವಿಲ್ಲದೆ, ಬೇರೊಂದು ತುತ್ತೂರಿ ಮತ್ತು ಓಬೊ ವಾದ್ಯದೊಡನೆ ಬಂದಿದೆ. ಕುತೂಹಲಕ್ಕೆ ಒಮ್ಮೆ ಕೇಳಬಹುದು. ‘ಲೆಟ್ ಇಟ್ ಡೌನ್’ ಹಾಡಿನ ಕರಡಿಗೆ ಮೂವತ್ತು ವರ್ಷಗಳ ಮೇಲೆ ಹೊಸ ವಾದ್ಯಗಳನ್ನು ಸೇರಿಸಿದ್ದಾರೆ. ಹಳೆಯ ಶಾಯಿಯ ಹಸ್ತಪ್ರತಿಯ ಮೇಲೆ ಇಂದಿನ ಬಾಲ್‌ಪೆನ್ನಿನಿಂದ ತಿದ್ದಿದಂತೆ ಇದು. ಕರಡು ಎನ್ನಲೂ ಬಾರದು, ಪರಿಷ್ಕೃತ ಎನ್ನಲೂ ಬಾರದು. ಹಾಗಿದ್ದೂ, ತುತ್ತೂರಿಗಳ ಕೆಳಗೆ ಸಿಕ್ಕಿ ನರಳುತ್ತಿದ್ದ ಒಂದು ಮೃದುವಾದ ಪ್ರೇಮಗೀತೆ ಇಲ್ಲಿ ಉಸಿರಾಡುತ್ತದೆ ಎಂಬುದನ್ನು ಒಪ್ಪಬೇಕು.

ನನ್ನ ತಕರಾರು ಹಾಡುಗಳ ಮೇಲಲ್ಲ, ಅವುಗಳನ್ನು ಇಟ್ಟ ಜಾಗದ ಮೇಲೆ. ಮೂರು ತಟ್ಟೆಗಳನ್ನು ಎರಡು ಡಿಸ್ಕುಗಳಿಗೆ ಇಳಿಸಿದಾಗ ಮೊದಲ ಡಿಸ್ಕಿನ ಕೊನೆಯಲ್ಲಿ ಸ್ಥಳ ಉಳಿಯಿತು. ಐದನ್ನೂ ಅಲ್ಲಿಯೇ ತುಂಬಿದರು. ಅಂದರೆ ಹೆಚ್ಚಿನ ಹಾಡುಗಳು ಬರುವುದು ಆಲ್ಬಂನ ಕೊನೆಗಲ್ಲ, ನಡುವೆ. ಹದಿನೆಂಟು ಹಾಡುಗಳ ಹಾದಿಯಲ್ಲಿ ಸರಿಯಾಗಿ ಒಂಬತ್ತನೆಯದು ಮುಗಿದ ಮೇಲೆ ನಾವು ಅನುಬಂಧವನ್ನು ಓದಬೇಕು, ಆಮೇಲೆ ಹತ್ತನೆಯ ಅಧ್ಯಾಯ! ಇದಕ್ಕಿಂತ ವಿಚಿತ್ರವೆಂದರೆ ಈ ಐದರಲ್ಲಿ ಒಂದು ‘ಬಿವೇರ್ ಆಫ್ ಡಾರ್ಕ್‌ನೆಸ್’ ಹಾಡಿನ ಕರಡು. ಮೂಲದ ಹಾಡು ಇರುವುದು ಎರಡನೆಯ ಡಿಸ್ಕಿನ ಮೊದಲಿಗೆ. ಕ್ರಮವಾಗಿ ಕೇಳುವವನಿಗೆ ಮೊದಲು ಕರಡು ಸಿಗುತ್ತದೆ, ಆಮೇಲೆ ಕವಿತೆ. ಮಾಯೆಯಿಂದ, ಕತ್ತಲೆಯಿಂದ, ವ್ಯರ್ಥವಾಗಿ ಕೊರಗುವ ಮನಸ್ಸಿನಿಂದ ಎಚ್ಚರವಾಗಿರು ಎಂದು ಗಂಭೀರವಾಗಿ ನುಡಿಯುವ ಆ ಹಾಡು ಮೂಲದಲ್ಲಿ ಹೊಸ ತಟ್ಟೆಯ ಹೊಸ ಪಕ್ಕದ ಮೊದಲ ಹಾಡಾಗಿ, ಮೌನದಿಂದ ಎದ್ದುಬರುತ್ತಿತ್ತು. 2001ರಲ್ಲಿ ಅದಕ್ಕೆ ಆ ಮೌನ ಉಳಿಯಲಿಲ್ಲ. ಕಾವ್ಯಕ್ಕೆ ಔಚಿತ್ಯವೇ ಪ್ರಾಣ ಎಂದ ಕ್ಷೇಮೇಂದ್ರ ಸ್ಥಾನದ ಔಚಿತ್ಯವನ್ನೂ ಮರೆತಿರಲಿಲ್ಲ. ಕೊರಳಿನ ಹಾರವನ್ನು ಸೊಂಟಕ್ಕೆ ಕಟ್ಟಿದರೆ ಚಿನ್ನ ಸುಳ್ಳಾಗುವುದಿಲ್ಲ, ಅಲಂಕಾರ ಸುಳ್ಳಾಗುತ್ತದೆ.

ಆ ಕರಡಿನಲ್ಲಿ ಇನ್ನೊಂದು ಸ್ವಾರಸ್ಯವುಂಟು. ಗಂಭೀರವಾಗಿ ಹಾಡುತ್ತಿದ್ದವನು ನಡುವೆ ಎಚ್ಚರವಾಗಿರಬೇಕಾದ ವಸ್ತುಗಳ ಪಟ್ಟಿಯಲ್ಲಿ ‘ಆ್ಯಬ್ಕೊ’ ಎಂದು ಒಂದು ಕಂಪೆನಿಯ ಹೆಸರನ್ನು ತೂರಿಸುತ್ತಾನೆ. ಅದು ಆಗ ಅವನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಆ್ಯಲನ್ ಕ್ಲೈನನ ಸಂಸ್ಥೆ. 1970ರ ಮೇ ತಿಂಗಳಲ್ಲಿ ಅದು ಬರಿಯ ತಮಾಷೆ. ಮುಂದಿನ ಕಥೆಯನ್ನು ಬಲ್ಲವರಿಗೆ ತಮಾಷೆಯಾಗಿ ಕೇಳಿಸುವುದಿಲ್ಲ.

ಆ ಕಥೆ ‘ಮೈ ಸ್ವೀಟ್ ಲಾರ್ಡ್’ ಹಾಡಿನದು. ಬೀಟಲ್ಸ್ ಒಡೆದ ಮೇಲೆ ಆ ನಾಲ್ವರಲ್ಲಿ ಒಬ್ಬನ ಹಾಡು ಮೊದಲ ಸ್ಥಾನಕ್ಕೇರಿದ್ದು ಇದರಿಂದಲೇ. ನಮ್ಮವರು ಇದನ್ನು ಬಲ್ಲರು; ಕೇಳದವರು ಕಡಿಮೆ. ಮೊದಮೊದಲು ಹಿಮ್ಮೇಳ ಕ್ರೈಸ್ತರ ‘ಹಲ್ಲೆಲೂಯ’ ಎನ್ನುತ್ತದೆ. ಕೇಳುಗ ಅದಕ್ಕೆ ಒಗ್ಗಿಕೊಂಡಮೇಲೆ, ಗುರುತೇ ಸಿಗದಂತೆ, ಅದು ಕೃಷ್ಣನಾಮಕ್ಕೆ ಹೊರಳಿ, ಮುಂದೆ ನಮ್ಮ ಮಕ್ಕಳು ಶಾಲೆಯಲ್ಲಿ ಹೇಳುವ ಗುರುಸ್ತೋತ್ರದ ಶ್ಲೋಕಕ್ಕೆ ಬಂದು ನಿಲ್ಲುತ್ತದೆ. ಇದನ್ನು ಕೇಳಿ ‘ಕಂಡಿರಾ, ನಮ್ಮ ಶ್ಲೋಕ ವಿಲಾಯತಿಗೆ ಹೋಯಿತು’ ಎಂದು ಬೀಗುವುದು ನಮ್ಮಲ್ಲಿ ಸಾಮಾನ್ಯ. ಬೀಗುವ ಮೊದಲು ಒಂದು ಮಾತು: ಈ ಹಾಡಿನ ಮೈ ಅಮೆರಿಕದ ನೀಗ್ರೋ ಇಗರ್ಜಿಗಳ ಗಾಸ್ಪೆಲ್ ಹಾಡಿನದು. ಎಡ್ವಿನ್ ಹಾಕಿನ್ಸ್ ಮೇಳದ ‘ಓ ಹ್ಯಾಪಿ ಡೇ’ ತನಗೆ ಪ್ರೇರಣೆ ಎಂದು ಹ್ಯಾರಿಸನ್ನನೇ ಹೇಳಿಕೊಂಡಿದ್ದಾನೆ. ಅವನಿಗಿಂತ ಮೊದಲು ಇದನ್ನು ಹಾಡಿ ಹೊರತಂದವನು ಬಿಲ್ಲಿ ಪ್ರೆಸ್ಟನ್. ಒಬ್ಬ ಎತ್ತಿಕೊಡುವುದು, ಗುಂಪು ಒಪ್ಪಿ ಹಾಡುವುದು, ಮತ್ತೆ ಮತ್ತೆ ಹಾಡಿ ಮೈಮರೆಯುವುದು—ಇದು ನಮ್ಮ ಭಜನೆಯ ಗೋಷ್ಠಿಯಲ್ಲಿಯೂ ಉಂಟು, ಆ ಇಗರ್ಜಿಯಲ್ಲಿಯೂ ಉಂಟು. ಹ್ಯಾರಿಸನ್ನನ ಜಾಣ್ಮೆ ಶ್ಲೋಕವನ್ನು ತಂದದ್ದರಲ್ಲಿಲ್ಲ. ಈ ಎರಡು ಗೋಷ್ಠಿಗಳು ಒಂದೇ ಜಾತಿಯವೆಂದು ಕಿವಿಯಿಂದ ಗುರುತಿಸಿದ್ದರಲ್ಲಿದೆ. ಇನ್ನೊಂದು ಸಂಗತಿ: ಪೆಟ್ಟಿಗೆಯ ಮೇಲೆ ಹಿಮ್ಮೇಳದವರೆಂದು ‘ಜಾರ್ಜ್ ಓಹಾರಾ-ಸ್ಮಿತ್ ಗಾಯಕರು’ ಎಂದು ಅಚ್ಚಾಗಿದೆ. ಅಂಥ ಗಾಯಕವೃಂದ ಇಲ್ಲ. ಬಹುಮಟ್ಟಿಗೆ ಅದು ಹ್ಯಾರಿಸನ್ನನ ಕಂಠವೇ, ಪದರದ ಮೇಲೆ ಪದರವಾಗಿ ಮುದ್ರಿಸಿದ್ದು. ಅಷ್ಟು ದೊಡ್ಡ ಭಜನಮಂಡಳಿಯಲ್ಲಿ ಇದ್ದವನು ಒಬ್ಬನೇ ಒಬ್ಬ.

ಹಾಡು ಗೆದ್ದಿತು, ಕೂಡಲೆ ವ್ಯಾಜ್ಯವೂ ಹೂಡಲ್ಪಟ್ಟಿತು. 1963ರಲ್ಲಿ ಶಿಫಾನ್ಸ್ ಎಂಬ ಹುಡುಗಿಯರ ತಂಡ ಹಾಡಿದ್ದ ‘ಹಿ ಈಸ್ ಸೋ ಫೈನ್’ ಹಾಡಿನ ಧಾಟಿಯೇ ಇದೆಂದು ಅದರ ಹಕ್ಕುದಾರರು 1971ರಲ್ಲಿ ದಾವೆ ಹಾಕಿದರು. 1976ರಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶ ರಿಚರ್ಡ್ ಓವೆನ್ ಸ್ವತಃ ಸಂಗೀತನಾಟಕಗಳನ್ನು ರಚಿಸಿದವನು, ಸ್ವರವನ್ನು ಬಲ್ಲವನು. ಹ್ಯಾರಿಸನ್ ತಿಳಿದು ಕದ್ದಿಲ್ಲ, ಹಿಂದೆ ಕೇಳಿದ್ದು ಅರಿವಿಗೆ ಬಾರದೆ ಒಳಗಿಂದ ಹೊರಬಂದಿದೆ, ಆದರೂ ಕಾನೂನಿನ ದೃಷ್ಟಿಯಲ್ಲಿ ಇದು ಹರಣವೇ ಎಂದು ಅವನ ನಿರ್ಣಯ. ಕಾವ್ಯಹರಣದ ಬಗೆಗಳನ್ನು ಅಧ್ಯಾಯಗಟ್ಟಲೆ ವಿಂಗಡಿಸಿದ ರಾಜಶೇಖರನಿಗೆ ಈ ‘ಅರಿಯದ ಹರಣ’ವನ್ನು ಯಾವ ಗೂಡಿನಲ್ಲಿ ಇಡಬೇಕೆಂದು ತೋಚುತ್ತಿತ್ತೋ ಇಲ್ಲವೋ! ಆಮೇಲೆ ನಡೆದುದು ಇನ್ನೂ ಸೊಗಸು. ದಾವೆಯ ಆರಂಭದಲ್ಲಿ ಹ್ಯಾರಿಸನ್ನನ ಪರ ನಿಂತಿದ್ದ ಆ್ಯಲನ್ ಕ್ಲೈನ್, ಅವನಿಂದ ಬೇರೆಯಾದಮೇಲೆ, 1978ರಲ್ಲಿ ಆ ಇನ್ನೊಂದು ಹಾಡಿನ ಹಕ್ಕನ್ನೇ 5,87,000 ಡಾಲರಿಗೆ ಕೊಂಡುಕೊಂಡು ವಾದಿಯ ಜಾಗದಲ್ಲಿ ಕುಳಿತ! ಹಳೆಯ ಕಕ್ಷಿಗಾರನ ಮೇಲೆ ಲಾಭ ಮಾಡಕೂಡದೆಂದು ನ್ಯಾಯಾಲಯ 1981ರಲ್ಲಿ ಕೊಂಡ ಬೆಲೆಯನ್ನಷ್ಟೇ ಅವನಿಗೆ ಕೊಡಿಸಿತು. ಕರಡಿನಲ್ಲಿ ಮಾಯೆಯ ಪಕ್ಕದಲ್ಲಿ ಆ ಕಂಪೆನಿಯ ಹೆಸರು ಬಂದದ್ದು ಕಾಲಜ್ಞಾನವೆಂದೇ ಹೇಳಬೇಕು.

ಈ ಗಾಯ ಹ್ಯಾರಿಸನ್ನನಲ್ಲಿ ಎಂದೂ ಮಾಯಲಿಲ್ಲವೆಂಬುದಕ್ಕೆ 2001ರ ಐದನೆಯ ಹಾಡು, ‘ಮೈ ಸ್ವೀಟ್ ಲಾರ್ಡ್ (2000)’, ಸಾಕ್ಷಿ. ಮಗನ ಗಿಟಾರು, ಸ್ಯಾಮ್ ಬ್ರೌನ್ ಎಂಬ ಗಾಯಕಿಯ ಜೊತೆದನಿ, ರೇ ಕೂಪರನ ಕಂಜಿರದಂಥ ತಾಳವಾದ್ಯ, ತನ್ನ ಹೊಸ ಸ್ಲೈಡ್ ಗಿಟಾರು, ಇಷ್ಟನ್ನು ಕೂಡಿಸಿ ಅವನು ಹಾಡನ್ನು ಮತ್ತೆ ಹಾಡಿದ. ಗಿಟಾರಿನ ಭಾಗ ಚೆನ್ನಾಗಿದೆ. ಮೂವತ್ತು ವರ್ಷದ ಸಾಧನೆ ಬೆರಳಿನಲ್ಲಿದೆ. ಆದರೆ ಕಂಠ ವಿವಾದಕ್ಕೆ ಗುರಿಯಾದ ಸ್ವರಗಳ ಬಳಿಗೆ ಬಂದಾಗಲೆಲ್ಲ ಪಕ್ಕಕ್ಕೆ ಸರಿಯುತ್ತದೆ. ಸಾಲಗಾರನ ಅಂಗಡಿ ಇರುವ ಬೀದಿಯನ್ನು ತಪ್ಪಿಸಿ ಓಣಿಯಲ್ಲಿ ಹೋಗುವವನ ನಡಿಗೆ ಅದು. ದೇವರನ್ನು ಕಾಣಬೇಕೆಂದು ಹಟಹಿಡಿದು ಕೂಗಿದ 1970ರ ಆ ಹುಡುಗನಿಗೆ ವಕೀಲರ ಭಯವಿರಲಿಲ್ಲ. ಭಕ್ತಿಯ ಹಾಡಿಗೆ ಬೇಕಾದದ್ದು ಆ ನಿರ್ಭಯವೇ. ಅವನು ತೀರಿಕೊಂಡಮೇಲೆ, 2002ರ ಜನವರಿಯಲ್ಲಿ, ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಏರಿದ್ದು ಆ ಹಳೆಯ ಹಾಡೇ.

2021ರ ಆವೃತ್ತಿಗೆ ಬಂದರೆ, ತಂದೆ ಆಸೆಪಟ್ಟು ಬಿಟ್ಟದ್ದನ್ನು ಮಗ ಮಾಡಿಸಿದ್ದಾನೆ. ಪಾಲ್ ಹಿಕ್ಸ್ ಎಂಬ ತಂತ್ರಜ್ಞ ಮೂಲದ ಸುರುಳಿಗಳಿಂದ ಎಲ್ಲ ಹಾಡುಗಳನ್ನೂ ಹೊಸದಾಗಿ ಮಿಶ್ರಮಾಡಿದ. ಕೊಲೆಯ ಅಪರಾಧಕ್ಕಾಗಿ ಸೆರೆಯಲ್ಲಿದ್ದ ಸ್ಪೆಕ್ಟರ್ ಅದೇ ವರ್ಷದ ಜನವರಿಯಲ್ಲಿ ಸತ್ತಿದ್ದ. ಆಗಸ್ಟಿನಲ್ಲಿ ಅವನ ಗೋಡೆಗೆ ಕಿಟಕಿಗಳನ್ನು ಕೊರೆದರು. ಕೆಡವಲಿಲ್ಲ ಎಂಬುದನ್ನು ಗಮನಿಸಬೇಕು. ಕಂಠ ಮುಂದೆ ಬಂದಿದೆ, ಬೇಸ್ ಗಿಟಾರು ನೆಲ ಹಿಡಿದಿದೆ. ‘ಅವೇಟಿಂಗ್ ಆನ್ ಯೂ ಆಲ್’ ಹಾಡಿನಲ್ಲಿ ಇಷ್ಟು ವರ್ಷ ಮಂಜಿನಲ್ಲಿ ಕೇಳುತ್ತಿದ್ದ ಮಾತು ಈಗ ಸ್ಪಷ್ಟ. ‘ರನ್ ಆಫ್ ದ ಮಿಲ್’ ಹಾಡಿಗಂತೂ ಕಳೆ ಬಂದಿದೆ. ‘ವಾ-ವಾ’ ಮಾತ್ರ ಸೋತಿತು. ತಲೆನೋವಿನಿಂದ ಹುಟ್ಟಿದ ಹಾಡು ತಲೆನೋವಿನಂತೆಯೇ ಕೇಳಬೇಕು. ಅದನ್ನು ಸ್ವಚ್ಛಮಾಡಿದರೆ ಸಿಟ್ಟು ಎಲ್ಲಿ ನಿಂತೀತು?

ಈ ಆವೃತ್ತಿಯ ನಿಜವಾದ ಸಂಪತ್ತು ಕರಡುಗಳು. 1970ರ ಮೇ 26ರಂದು ರಿಂಗೋ ಮತ್ತು ಫೂರ್ಮಾನರ ಜೊತೆಗೆ ಹದಿನೈದು, ಮರುದಿನ ಸ್ಪೆಕ್ಟರನಿಗೆ ತೋರಿಸಲೆಂದು ಒಬ್ಬನೇ ಕುಳಿತು ಹದಿನೈದು, ಎರಡು ದಿನದಲ್ಲಿ ಮೂವತ್ತು ಹಾಡುಗಳನ್ನು ಹ್ಯಾರಿಸನ್ ಹಾಡಿಬಿಟ್ಟ. ಏಪ್ರಿಲಿನಲ್ಲಿ ತಂಡ ಒಡೆದ ಸುದ್ದಿ ಲೋಕಕ್ಕೆ ತಿಳಿದಿತ್ತು. ಜುಲೈಯಲ್ಲಿ ತಾಯಿ ಕಣ್ಣುಮುಚ್ಚಿದಳು. ಈ ಎರಡರ ನಡುವಿನ ಎರಡು ದಿನ ಇವು. ಮಾರ್ದನಿಯಿಲ್ಲ, ಜಾತ್ರೆಯಿಲ್ಲ. ಗೆಳೆತನದ ಆಯ್ಕೆ ಯಾರ ಕೈಯಲ್ಲಿದೆ ಎಂದು ಕೇಳುವ ‘ರನ್ ಆಫ್ ದ ಮಿಲ್’ ಹಾಡನ್ನು ಈ ಕರಡಿನಲ್ಲಿ ಕೇಳಿದಾಗ ಬೀಟಲ್ಸ್ ಒಡೆದ ಕಥೆ ಪತ್ರಿಕೆಗಳ ವರದಿಯಿಂದ ಇಳಿದು ಒಬ್ಬ ಮನುಷ್ಯನ ಎದೆಯೊಳಗಿನ ಸಂಗತಿಯಾಗುತ್ತದೆ. ‘ಹಿಯರ್ ಮಿ ಲಾರ್ಡ್’ ಕೂಡ ಹಾಗೆಯೇ. ಆಲ್ಬಂನಲ್ಲಿ ಅದು ಸಭೆಯ ಮುಂದಿನ ಪ್ರಾರ್ಥನೆ. ಇಲ್ಲಿ ಬಾಗಿಲು ಮುಚ್ಚಿಕೊಂಡು ಮಾಡಿದ್ದು.

ಆದರೆ ಮೂವತ್ತೂ ರತ್ನಗಳೆಂದು ಹೇಳಿದರೆ ಸುಳ್ಳಾದೀತು. ಹೃಷಿಕೇಶದ ದಿನಗಳಲ್ಲಿ ಹುಟ್ಟಿದ ‘ಡೆಹ್ರಾ ಡೂನ್’ ಬಸ್ಸಿನಲ್ಲಿ ಕುಳಿತವನು ಗುನುಗುವ ಪದ, ಅಷ್ಟೆ. ‘ಕಾಸ್ಮಿಕ್ ಎಂಪೈರ್’, ‘ಮದರ್ ಡಿವೈನ್’ ಮುಂತಾದವುಗಳಲ್ಲಿ ಭಕ್ತಿಯಿದೆ, ಹಾಡಿಲ್ಲ. ಇವನ್ನು ಅವನು ಕೈಬಿಟ್ಟದ್ದು ಮರೆವಿನಿಂದಲ್ಲ, ವಿವೇಕದಿಂದ ಎಂದು ಕೇಳಿದಮೇಲೆ ಗೊತ್ತಾಗುತ್ತದೆ. ಹತ್ತು ವರ್ಷ ಅವಕಾಶ ಸಿಗದವನು ಅವಕಾಶ ಸಿಕ್ಕಾಗ ಎಲ್ಲವನ್ನೂ ಸುರಿದನೆಂಬ ಮಾತು ವಿಮರ್ಶಕರಲ್ಲಿ ರೂಢಿಯಾಗಿದೆ. ಈ ಕರಡುಗಳು ಆ ಮಾತನ್ನು ಸುಳ್ಳುಮಾಡುತ್ತವೆ. ಅವನು ಆರಿಸಿದ, ಸೋಸಿದ. ಅನುಬಂಧದಿಂದ ಮೂಲಕ್ಕೆ ಆಗಬಹುದಾದ ದೊಡ್ಡ ಉಪಕಾರ ಇದೇ ಎಂದು ನನ್ನ ಎಣಿಕೆ. ಮಗ ಇವನ್ನೆಲ್ಲ ಮೂಲದ ಹಾಡುಗಳ ನಡುವೆ ತೂರಿಸದೆ ಬೇರೆ ಡಿಸ್ಕುಗಳಲ್ಲಿ ಇಟ್ಟಿದ್ದಾನೆ. ತಂದೆ ತೋರದ ಔಚಿತ್ಯಪ್ರಜ್ಞೆಯನ್ನು ಮಗ ತೋರಿದ. ಮಿಶ್ರಣದ ವಿಷಯದಲ್ಲಿ ಮಾತ್ರ ತಂದೆಯ ಸಂಯಮವೇ ಮೇಲು. ಹಳೆಯ ಮಿಶ್ರಣವನ್ನೂ ಜೊತೆಗಿಟ್ಟಿದ್ದರೆ ಪಾಠವನ್ನೂ ಪಾಠಾಂತರವನ್ನೂ ಕೇಳುಗ ತಾನೇ ಹೋಲಿಸಿಕೊಳ್ಳುತ್ತಿದ್ದ.

ಪೆಟ್ಟಿಗೆಯ ಮಾತನ್ನು ಆಡದೆ ಇರಲಾರೆ. ಈ ಆವೃತ್ತಿಯ ಅತಿ ದುಬಾರಿಯ ರೂಪ ಒಂದು ಮರದ ಪೆಟಾರಿಯಲ್ಲಿ ಬಂದಿತು. ಬೆಲೆ ಹೆಚ್ಚುಕಡಿಮೆ ಸಾವಿರ ಡಾಲರು. ಒಳಗೆ ತಟ್ಟೆಗಳ ಜೊತೆಗೆ ಮುಖಚಿತ್ರದ ಕುಳ್ಳ ಬೊಂಬೆಗಳ ಪ್ರತಿಕೃತಿ, ಫ್ರಯರ್ ಪಾರ್ಕಿನ ಓಕ್ ಮರದಿಂದ ಕೆತ್ತಿದ ಪುಟಗುರುತು, ಅಲ್ಲದೆ ಒಂದು ರುದ್ರಾಕ್ಷಿಮಾಲೆ! ಎಲ್ಲವೂ ಸಾಗಿಹೋಗುವುದೆಂದು ಹಾಡಿದವನ ಹೆಸರಿನಲ್ಲಿ ಇಷ್ಟನ್ನು ಕೂಡಿಡುವ ಏರ್ಪಾಡು. 2022ರಲ್ಲಿ ಈ ಆವೃತ್ತಿಗೆ ಗ್ರ್ಯಾಮಿ ಬಹುಮಾನವೂ ಬಂದಿತು. ಹಾಡಿಗಲ್ಲ, ಪೆಟ್ಟಿಗೆಯ ವಿನ್ಯಾಸಕ್ಕೆ.

ನಮ್ಮಲ್ಲಿ ಪೆಟಾರಿ ಕೊಳ್ಳುವವರು ಎಷ್ಟು ಮಂದಿ ಇದ್ದಾರು? ಹೆಚ್ಚಿನವರು ಕೇಳುವುದು ಕೈಯೊಳಗಿನ ಫೋನಿನಲ್ಲಿ. ಅಲ್ಲಿ ಎಪ್ಪತ್ತೂ ಒಂದರ ಕೆಳಗೊಂದು, ಬೆಲೆಬಾಳುವುದೂ ಬಾಳದ್ದೂ ಒಂದೇ ಪಟ್ಟಿಯಲ್ಲಿ ಕಾಣುತ್ತವೆ. ಹೊಸಬರು ಮೊದಲ ಹದಿನೆಂಟನ್ನು, ಇದ್ದ ಕ್ರಮದಲ್ಲಿಯೇ, ಎರಡು ಸಂಜೆಗಳಲ್ಲಿ ಕೇಳಲಿ. ಆಮೇಲೆ ಮೇ 27ರ ಕರಡುಗಳಿಗೆ ಹೋಗಲಿ. ಉಳಿದುದಕ್ಕೆ ಬಿಡುವಿದ್ದರೆ ಸರಿ. ಆದರೆ ಬಿಡುವಿಲ್ಲದವರೂ ‘ಇಸಂಟ್ ಇಟ್ ಎ ಪಿಟಿ’ ಹಾಡಿನ ಹದಿನಾಲ್ಕನೆಯ ಯತ್ನವೆಂಬುದನ್ನು ಬಿಡಬಾರದು. ಆ ಮಹಾಶೋಕದ ಹಾಡನ್ನು ಹಾಡಿ ಹಾಡಿ ಬೇಸತ್ತ ಹ್ಯಾರಿಸನ್ ಅಲ್ಲಿ ತನ್ನ ಸಾಲುಗಳನ್ನೇ ಅಣಕಿಸಿ, ಇದನ್ನು ಇನ್ನು ಎಷ್ಟು ಸಲ ಹಾಡಬೇಕಪ್ಪಾ ಎಂಬ ಅರ್ಥದಲ್ಲಿ ಪದ ಕಟ್ಟಿ, ಅದೇ ಧಾಟಿಯಲ್ಲಿ ಹಾಡುತ್ತಾನೆ. ಸುತ್ತಲಿನವರು ನುಡಿಸುವುದನ್ನು ನಿಲ್ಲಿಸುವುದಿಲ್ಲ.